ಯಾರು ಜೋಡಿಸಿದ್ದು?

ಎಂಟು ವರ್ಷ ನಾನು ಒಂದು ಮೇಜಿನ ಹಿಂದೆ ನಿಂತು ಕೆಲಸ ಮಾಡಿದೆ. ಮೇಜಿನ ಮೇಲೆ ಎರಡು ಕಂಪ್ಯೂಟರ್, ಎರಡು ಪರದೆ. ಒಂದರೊಳಗೆ ನಮ್ಮ ಕಂಪನಿಯ ಪ್ರೊಸೆಸರ್, ಇನ್ನೊಂದರೊಳಗೆ ಎದುರಾಳಿಯದು. ಅಂಗಡಿಗೆ ಹೋಗಿ ಡೆಸ್ಕ್‌ಟಾಪ್ ಜೋಡಿಸಿಕೊಡಿ ಎಂದರೆ ಇವೆರಡರಲ್ಲಿ ಯಾವುದು ಬೇಕು ಎಂದು ಕೇಳುತ್ತಾರೆ. ಮೂರನೆಯದರ ಮಾತೇ ಬರುವುದಿಲ್ಲ. ನಮ್ಮ ಕಂಪನಿ ಎಂದೆನಾದರೂ ನಾನು ಅದರ ನೌಕರಳಾಗಿರಲಿಲ್ಲ. ಚೆನ್ನೈನ ನುಂಗಂಬಾಕ್ಕಂನ ಹಳೆಯ ಬೀದಿಯೊಂದರಲ್ಲಿ, ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಒಂದು ಚಿಕ್ಕ ಪ್ರಚಾರ ಏಜೆನ್ಸಿಯವಳು. ಕಂಪನಿಯ ದೊಡ್ಡವರು ನಮ್ಮ ಮುಖವನ್ನೂ ನೋಡಿರಲಿಕ್ಕಿಲ್ಲ. ಯಾವುದು ನಮ್ಮದು, ಯಾವುದು ಅವರದು ಎಂದು ಇಲ್ಲಿ ಹೇಳುವುದಿಲ್ಲ. ಮುಂದೆ ನಾನು ಆ ಕಡೆಗೂ ದುಡಿದೆ. ಅಲ್ಲದೆ ಈಗ ಬರೆಯುತ್ತಿರುವುದು ಯಾವ ಕಂಪನಿ ಮಾಡಿದ್ದೂ ಅಲ್ಲ, ನಾನು ಮಾಡಿದ್ದು.

ಕೆಲಸ ಹೀಗಿತ್ತು. ಇಂಜಿನಿಯರಿಂಗ್ ಕಾಲೇಜು, ಮಾಲ್, ಡೀಲರುಗಳ ಸಭೆ, ಎಲ್ಲಿ ಕರೆದರೆ ಅಲ್ಲಿಗೆ ಎರಡೂ ಕಂಪ್ಯೂಟರುಗಳನ್ನು ವ್ಯಾನಿನಲ್ಲಿ ಹೇರಿಕೊಂಡು ಹೋಗುವುದು. ಒಂದೇ ವಿಡಿಯೊವನ್ನು ಎರಡರಲ್ಲೂ ಹಾಕಿ ಬೇರೆ ರೂಪಕ್ಕೆ ಬದಲಾಯಿಸಲು ಬಿಡುವುದು. ಪರದೆಯ ಮೇಲೆ ಎರಡು ಪಟ್ಟಿಗಳು ಎಡದಿಂದ ಬಲಕ್ಕೆ ತುಂಬುತ್ತಾ ಹೋಗುತ್ತವೆ. ನಮ್ಮದು ಮೊದಲು ತುಂಬುತ್ತದೆ. ಜನ ಚಪ್ಪಾಳೆ ತಟ್ಟುತ್ತಾರೆ. ನಾನು ಮೈಕು ಹಿಡಿದು, ಅರ್ಧ ಇಂಗ್ಲಿಷು ಅರ್ಧ ತಮಿಳಿನಲ್ಲಿ, ಯಾಕೆ ಹೀಗಾಯಿತು ಎಂದು ವಿವರಿಸುತ್ತೇನೆ.

ನಾನು ಮಂಡ್ಯದ ಹತ್ತಿರದ ಒಂದು ಊರಿನವಳು. ಮದುವೆಯಾಗಿ ಚೆನ್ನೈಗೆ ಬಂದಾಗ ತಮಿಳು ಒಂದಕ್ಷರ ಬರುತ್ತಿರಲಿಲ್ಲ. ತರಕಾರಿಯವಳು ನನ್ನ ಮಾತು ಕೇಳಿ ನಗುತ್ತಿದ್ದಳು. ಅಂಥವಳು ನಾಲ್ಕೈದು ವರ್ಷದಲ್ಲಿ ಮುನ್ನೂರು ಜನರ ಮುಂದೆ ನಿಂತು, ಅವರದೇ ಭಾಷೆಯಲ್ಲಿ ಅವರನ್ನು ನಗಿಸಿ, ಸುಮ್ಮನಾಗಿಸಿ, ಚಪ್ಪಾಳೆ ತಟ್ಟಿಸುತ್ತಿದ್ದೆ. ಆ ಚಪ್ಪಾಳೆ ನನಗೆ ಬೇಕಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಕಷ್ಟವಿತ್ತು, ಕೆಲಸ ಬಿಟ್ಟರೆ ಗತಿಯಿರಲಿಲ್ಲ ಎಂದೆಲ್ಲ ಹೇಳಿಕೊಳ್ಳಬಹುದು. ಅದು ಸುಳ್ಳು. ನನ್ನ ಗಂಡನಿಗೆ ಒಳ್ಳೆಯ ಉದ್ಯೋಗವಿತ್ತು. ನಾನು ಕೆಲಸ ಬಿಟ್ಟಿದ್ದರೆ ಯಾರೂ ಉಪವಾಸ ಬೀಳುತ್ತಿರಲಿಲ್ಲ.

ಕಂಪ್ಯೂಟರುಗಳನ್ನು ಜೋಡಿಸುತ್ತಿದ್ದವಳು ಅಕ್ಕ. ಏಜೆನ್ಸಿಯಲ್ಲಿ ಎಲ್ಲರೂ ಆಕೆಯನ್ನು ಹಾಗೇ ಕರೆಯುತ್ತಿದ್ದರು, ತಮಿಳಿನವರು ಕೂಡ. ನನಗಿಂತ ಹದಿನೈದು ವರ್ಷ ದೊಡ್ಡವಳು, ಐವತ್ತು ದಾಟಿದ್ದಳು. ಆಕೆಯ ಅಜ್ಜ ದಾವಣಗೆರೆ ಕಡೆಯಿಂದ ಹತ್ತಿ ವ್ಯಾಪಾರಕ್ಕೆಂದು ಬಂದು ಇಲ್ಲೇ ನಿಂತವರಂತೆ. ವ್ಯಾಪಾರ ಅಪ್ಪನ ಕಾಲಕ್ಕೇ ಮುಗಿದಿತ್ತು. ಅಕ್ಕ ಹುಟ್ಟಿದ್ದು, ತಮಿಳು ಶಾಲೆಯಲ್ಲಿ ಓದಿದ್ದು, ಗಂಡನನ್ನು ಕಳೆದುಕೊಂಡಿದ್ದು ಎಲ್ಲ ಚೆನ್ನೈನ ಉತ್ತರದಂಚಿನ ತಿರುವೊಟ್ಟಿಯೂರಿನಲ್ಲೇ. ಅಲ್ಲಿನ ಒಂದು ಕಾರ್ಖಾನೆಯಲ್ಲಿ ರೇಡಿಯೊ ಭಾಗಗಳಿಗೆ ಬೆಸುಗೆ ಹಾಕುತ್ತಿದ್ದಳು. ಅದು ಮುಚ್ಚಿದ ಮೇಲೆ, ಉದ್ದಕ್ಕೂ ಕಂಪ್ಯೂಟರ್ ಅಂಗಡಿಗಳೇ ಇರುವ ರಿಚಿ ಸ್ಟ್ರೀಟಿನಲ್ಲಿ ಕೂತು ಕಂಪ್ಯೂಟರ್ ಜೋಡಿಸುವುದನ್ನು ಕಲಿತಳು. ಇಡೀ ಬೀದಿಯಲ್ಲಿ ಆ ಕೆಲಸ ಮಾಡುವ ಹೆಂಗಸು ಆಗ ಆಕೆಯೊಬ್ಬಳೇ ಇದ್ದಿರಬೇಕು.

ಆಕೆ ಕೆಲಸ ಮಾಡುವುದನ್ನು ನೋಡುತ್ತಾ ಕೂರುವುದು ನನಗೆ ಇಷ್ಟವಾಗಿತ್ತು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆ. ಕ್ಯಾಬಿನೆಟ್ ಬಿಚ್ಚುವ ಮೊದಲು ಲಿಂಗದ ಕರಡಿಗೆಯನ್ನು ಕುಪ್ಪಸದೊಳಗೆ ಸೇರಿಸಿ, ಸೆರಗು ಸಿಕ್ಕಿಸಿ, ಬಗ್ಗಿದಾಗ ಬೆಳ್ಳಿ ಮದರ್‌ಬೋರ್ಡಿಗೆ ತಾಗದಂತೆ ನೋಡಿಕೊಳ್ಳುತ್ತಿದ್ದಳು. ಪ್ರೊಸೆಸರನ್ನು ಎರಡು ಬೆರಳಲ್ಲಿ ಅಂಚು ಹಿಡಿದೆತ್ತಿ, ಮೂಲೆಯ ಗುರುತು ನೋಡಿ ಇಳಿಸುತ್ತಿದ್ದಳು, ಒತ್ತುತ್ತಿರಲಿಲ್ಲ. ಅದರ ಬಿಸಿ ಎಳೆದುಕೊಳ್ಳಲೆಂದು ಮೇಲೆ ಹಚ್ಚುವ ಪೇಸ್ಟನ್ನು ಒಂದು ಅವರೆಕಾಳಿನಷ್ಟು ಮಾತ್ರ ಇಡುತ್ತಿದ್ದಳು. ನಮ್ಮ ಕಂಪ್ಯೂಟರಿಗೂ ಎದುರಾಳಿಯದಕ್ಕೂ ಒಂದೇ ಪೇಸ್ಟು, ಒಂದೇ ಜಾತಿಯ ಫ್ಯಾನು, ಒಂದೇ ಎಚ್ಚರ.

"ಅದು ನಮ್ಮದಲ್ವಲ್ಲಕ್ಕ, ಅದಕ್ಯಾಕೆ ಇಷ್ಟು ಉಪಚಾರ?" ಎಂದು ಒಮ್ಮೆ ತಮಾಷೆಗೆ ಕೇಳಿದ್ದೆ.

"ಓಟಕ್ಕೆ ನಿಲ್ಲಿಸೋವಾಗ ಇಬ್ಬರ ಕಾಲಿಗೂ ಚಪ್ಪಲಿ ಇರಬೇಕು ತಂಗಿ. ಒಬ್ಬನ್ನ ಬರಿಗಾಲಲ್ಲಿ ನಿಲ್ಲಿಸಿ ಗೆದ್ದೆ ಅಂದ್ರೆ ಅದೇನು ಗೆಲುವಾ? ಶುಮ್ಮಾ ಡ್ರಾಮ," ಎಂದಿದ್ದಳು.

ಮೊದಲ ಕೆಲವು ವರ್ಷ ಓಟ ನ್ಯಾಯವಾಗಿಯೇ ನಡೆಯಿತು, ಯಾಕೆಂದರೆ ನಾವೇ ಮುಂದಿದ್ದೆವು. ಗೆಲ್ಲುತ್ತಿರುವವರಿಗೆ ನ್ಯಾಯವಾಗಿರುವುದು ಕಷ್ಟವಲ್ಲ. ಆಮೇಲೆ ಎದುರಾಳಿಯ ಹೊಸ ಪ್ರೊಸೆಸರ್ ಬಂತು. ರಿಚಿ ಸ್ಟ್ರೀಟಿನಲ್ಲಿ ಅದರ ಮಾತು ಎದ್ದಿತು. ಇಷ್ಟು ದಿನ ಅದರ ಹೆಸರೆತ್ತದ ಅಂಗಡಿಯವರೂ ಗಾಜಿನ ಬೀರುವಿನಲ್ಲಿ ಮುಂದಕ್ಕೆ ತಂದಿಟ್ಟರು. ನಾವೂ ಒಂದು ತರಿಸಿದೆವು. ಅಕ್ಕ ಜೋಡಿಸಿದಳು. ಆಫೀಸಿನಲ್ಲೇ ಮೇಜಿನ ಮೇಲಿಟ್ಟು ನಮ್ಮ ಮಾಮೂಲಿ ವಿಡಿಯೊ ಓಡಿಸಿದೆವು. ಎದುರಾಳಿಯ ಪಟ್ಟಿ ತುಂಬಿ ನಿಂತಾಗ ನಮ್ಮದು ಮುಕ್ಕಾಲರ ಹತ್ತಿರ ತೆವಳುತ್ತಿತ್ತು.

ನಮ್ಮ ಮ್ಯಾನೇಜರ್ ತಮಿಳಿನವರು, ಮೃದು ಮಾತಿನ ಮನುಷ್ಯ. ಕೈಕಟ್ಟಿ ನಿಂತು ನೋಡಿದರು. ಇನ್ನೊಮ್ಮೆ ಓಡಿಸಿ ಎಂದರು. ಮತ್ತೆ ಅದೇ ಆಯಿತು.

"ಇದನ್ನು ಹೊರಗೆ ತೋರಿಸಲಿಕ್ಕಾಗುವುದಿಲ್ಲ. ಮುಂದಿನ ತಿಂಗಳು ಆರು ಕಾರ್ಯಕ್ರಮ ಇದೆ. ಏನಾದರೂ ಮಾಡಿ," ಎಂದು ಇಂಗ್ಲಿಷಿನಲ್ಲಿ ಹೇಳಿ ತಮ್ಮ ಕೋಣೆಗೆ ಹೋದರು.

ಏನಾದರೂ ಮಾಡಿ ಎಂದಷ್ಟೇ ಅವರು ಹೇಳಿದ್ದು. ಅವರು ಬೇರೆ ವಿಡಿಯೊ ಹುಡುಕಿ ಎಂಬ ಅರ್ಥದಲ್ಲಿ ಹೇಳಿರಬಹುದು. ಕಾರ್ಯಕ್ರಮದ ರೂಪವನ್ನೇ ಬದಲಿಸಿ ಎಂದೂ ಇರಬಹುದು. ಉಪಾಯ ಹೊಳೆದದ್ದು ನನಗೆ, ಮಧ್ಯಾಹ್ನ ಊಟದ ಡಬ್ಬಿ ತೊಳೆಯುತ್ತಾ ನಿಂತಿದ್ದಾಗ.

ಮದರ್‌ಬೋರ್ಡಿನಲ್ಲಿ ರ‍್ಯಾಮ್ ಎಂಬ ಮೆಮೊರಿ ಪಟ್ಟಿ ಸಿಕ್ಕಿಸಲು ನಾಲ್ಕು ಸ್ಲಾಟುಗಳಿರುತ್ತವೆ. ಎರಡೇ ರ‍್ಯಾಮ್ ಹಾಕುವುದಾದರೆ ನಡುವೆ ಒಂದು ಸ್ಲಾಟ್ ಬಿಟ್ಟು ಹಾಕಬೇಕು. ಆಗ ಪ್ರೊಸೆಸರ್‌ಗೆ ಮಾಹಿತಿ ಎರಡು ದಾರಿಯಲ್ಲಿ ಬರುತ್ತದೆ. ಎರಡನ್ನೂ ಪಕ್ಕಪಕ್ಕದ ಸ್ಲಾಟಿಗೆ ಹಾಕಿದರೆ ಒಂದೇ ದಾರಿ. ಕಂಪ್ಯೂಟರ್ ಕೆಟ್ಟುಹೋಗುವುದಿಲ್ಲ, ತಪ್ಪು ಸಂದೇಶ ತೋರಿಸುವುದಿಲ್ಲ, ಸುಮ್ಮನೆ ನಿಧಾನವಾಗುತ್ತದೆ. ಎದುರಾಳಿಯ ಆ ಹೊಸ ಪ್ರೊಸೆಸರ್‌ಗೆ ರ‍್ಯಾಮಿನ ವೇಗ ಬಹಳ ಮುಖ್ಯ ಎಂದು ನಾನು ಓದಿದ್ದೆ. ಅದರ ಕಂಪ್ಯೂಟರಿನಲ್ಲಿ ಮಾತ್ರ ರ‍್ಯಾಮ್ ಪಕ್ಕಪಕ್ಕ ಹಾಕಿ, ವೇಗದ ಸೆಟ್ಟಿಂಗನ್ನೂ ಕೆಳಗಿಳಿಸಿ, ವಿಡಿಯೊ ಬದಲು ರ‍್ಯಾಮನ್ನು ಹೆಚ್ಚು ಬಳಸುವ ಒಂದು ಗೇಮ್ ಓಡಿಸಿದರೆ ಸಾಕಾಗಿತ್ತು. ಎರಡರಲ್ಲೂ ಅಷ್ಟೇ ರ‍್ಯಾಮ್, ಅದೇ ಬ್ರ್ಯಾಂಡಿನದು ಎಂದು ನಾನು ಮೈಕಿನಲ್ಲಿ ಧೈರ್ಯವಾಗಿ ಹೇಳಬಹುದು. ಅದರಲ್ಲಿ ಒಂದು ಪದವೂ ಸುಳ್ಳಲ್ಲ.

ಅಕ್ಕನಿಗೆ ಹೇಳಿದೆ. ಆಕೆ ತಪ್ಪು ತಿಳಿದುಕೊಂಡಳು.

"ಇಲ್ಲ ತಂಗಿ, ಒಂದು ಬಿಟ್ಟು ಒಂದು ಹಾಕ್ಬೇಕು. ಪಕ್ಕದಲ್ಲಿ ಹಾಕಿದ್ರೆ ಸ್ಪೀಡ್ ಬರಲ್ಲ."

"ಗೊತ್ತಕ್ಕ. ಅದಕ್ಕೇ ಹೇಳ್ತಿರೋದು."

ಅಕ್ಕ ಸ್ಕ್ರೂಡ್ರೈವರ್ ಕೆಳಗಿಟ್ಟಳು. ನನ್ನ ಮುಖ ನೋಡಿದಳು.

"ಸಾರ್ ಹೇಳಿದ್ರಾ?"

"ಹೂಂ," ಎಂದೆ.

"ವೇಂಡಾಂ ತಂಗಿ. ನನ್ನ ಕೈಲಿ ಮಾಡಿಸ್ಬೇಡ. ಇಷ್ಟು ವರ್ಷ ಕೈ ಇದನ್ನ ಸರಿ ಹಾಕಿ ಹಾಕಿ ಕಲ್ತೈತಿ. ಬೇಕಾದ್ರೆ ನೀನೇ ಹಾಕ್ಕೋ. ನಾನು ನೋಡಲ್ಲ, ಯಾರಿಗೂ ಹೇಳಲ್ಲ."

ಆಕೆ ಚಹಾ ಕುಡಿದು ಬರುತ್ತೇನೆಂದು ಕೆಳಗೆ ಹೋದಳು. ನಾನು ಕ್ಯಾಬಿನೆಟ್ಟಿನೊಳಗೆ ಕೈ ಹಾಕಿ ಒಂದು ರ‍್ಯಾಮನ್ನು ಕಿತ್ತು ಪಕ್ಕದ ಸ್ಲಾಟಿಗೆ ಒತ್ತಿದೆ. ಟಕ್ಕೆಂದು ಕೂತಿತು. ಅರ್ಧ ನಿಮಿಷದ ಕೆಲಸ. ಆಮೇಲೆ ವೇಗದ ಸೆಟ್ಟಿಂಗನ್ನೂ ಇಳಿಸಿದೆ.

ಆ ತಿಂಗಳು ಆರು ಕಡೆಯೂ ಗೆದ್ದೆವು. ಒಂದೊಂದು ಕಡೆ ಎದುರಾಳಿಯ ಪರದೆಯಲ್ಲಿ ಗೇಮ್ ತಡವರಿಸಿದಾಗ ಹುಡುಗರು ಹೋ ಎಂದು ಕೂಗುತ್ತಿದ್ದರು. ನಾನು ಅದಕ್ಕೆ ಒಂದು ಜೋಕು ಕೂಡ ಕಟ್ಟಿದ್ದೆ. ಈ ಪ್ರೊಸೆಸರ್ ಮೌಂಟ್ ರೋಡಿನ ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಂಡಿದೆ ಎನ್ನುತ್ತಿದ್ದೆ. ಜನ ನಗುತ್ತಿದ್ದರು. ಅಕ್ಕ ಮೇಜಿನ ಹಿಂದೆ ವೈರು ಸುತ್ತುತ್ತಾ ನಿಂತಿರುತ್ತಿದ್ದಳು. ವ್ಯಾನಿನಲ್ಲಿ ಹಿಂದಿರುಗುವಾಗ ಮೊದಲೆಲ್ಲ ನಾವಿಬ್ಬರೂ ಕನ್ನಡದಲ್ಲಿ ಹರಟುತ್ತಿದ್ದೆವು. ಕನ್ನಡ ಮಾತಾಡಲು ಆಕೆಗೆ ಮನೆಯಲ್ಲಿ ಯಾರೂ ಇರಲಿಲ್ಲ. ಮಗ ತಮಿಳಿನಲ್ಲೇ ಉತ್ತರಿಸುತ್ತಿದ್ದ. ನನ್ನ ಮಗಳೂ ಹಾಗೆಯೇ. ಹೀಗಾಗಿ ನಮ್ಮಿಬ್ಬರ ಕನ್ನಡಕ್ಕೆ ಆ ವ್ಯಾನೇ ಜಾಗವಾಗಿತ್ತು. ಆ ತಿಂಗಳಿನಿಂದ ಆಕೆ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂರತೊಡಗಿದಳು. ಹಿಂದೆ ಕೂತರೆ ತಲೆ ಸುತ್ತುತ್ತದೆ ಎಂದಳು.

ನನಗೆ ಬಡ್ತಿ ಸಿಕ್ಕಿತು. ಮಧುರೆ, ಕೊಯಮತ್ತೂರು, ಕೊಚ್ಚಿಯ ಕಾರ್ಯಕ್ರಮಗಳೂ ನನ್ನ ಕೈಗೆ ಬಂದವು.

ಮರುವರ್ಷ ತಿರುವೊಟ್ಟಿಯೂರಿನಿಂದಾಚೆ ಒಂದು ಇಂಜಿನಿಯರಿಂಗ್ ಕಾಲೇಜಿಗೆ ಹೋದೆವು. ಲ್ಯಾಬಿಗೆ ಹೊಸ ಕಂಪ್ಯೂಟರ್ ಕೊಳ್ಳುವುದಿದ್ದುದರಿಂದ ಆ ಕಾರ್ಯಕ್ರಮಕ್ಕೆ ವಿಶೇಷ ಮಹತ್ವವಿತ್ತು. ಸಭಾಂಗಣ ತುಂಬಿತ್ತು. ಅಕ್ಕನ ಮನೆ ಅಲ್ಲಿಂದ ಹತ್ತಿರವೇ. ಆಕೆಯ ಬೀದಿಯ ಇಬ್ಬರು ಹುಡುಗಿಯರು ಆ ಕಾಲೇಜಿನಲ್ಲೇ ಓದುತ್ತಿದ್ದರಂತೆ. ಆ ದಿನ ಆಕೆ ಒಗೆದು ಇಸ್ತ್ರಿ ಮಾಡಿದ ಹಸಿರು ಸೀರೆ ಉಟ್ಟು ಬಂದಿದ್ದಳು.

ನಾನು ಎಂದಿನಂತೆ ಓಡಿಸಿದೆ. ಎದುರಾಳಿಯ ಪರದೆ ತಡವರಿಸಿತು, ನಾನು ಸಿಗ್ನಲ್ಲಿನ ಜೋಕು ಹೇಳಿದೆ, ಹುಡುಗರು ಕೂಗಿದರು. ಆಗ ಎರಡನೇ ಸಾಲಿನಲ್ಲಿ ಒಬ್ಬರು ಎದ್ದು ನಿಂತರು. ತಲೆ ನರೆತ, ಜೇಬಿನಲ್ಲಿ ಟೆಸ್ಟರ್ ಸಿಕ್ಕಿಸಿಕೊಂಡ ಮನುಷ್ಯ. ಆ ಕಾಲೇಜಿನ ಲ್ಯಾಬ್ ನೋಡಿಕೊಳ್ಳುವವರು ಎಂದು ಆಮೇಲೆ ಗೊತ್ತಾಯಿತು.

"ಒಂದು ನಿಮಿಷ ಮೇಡಂ," ಎಂದು ತಮಿಳಿನಲ್ಲಿ ವಿನಯವಾಗಿಯೇ ಕೇಳಿದರು. "ಇದೇ ಪ್ರೊಸೆಸರ್ ನಮ್ಮ ಹುಡುಗನೊಬ್ಬನ ಮನೆಯಲ್ಲಿದೆ. ನಾನೇ ಹಾಕಿಕೊಟ್ಟಿದ್ದು. ಅದು ಹೀಗೆ ತಡವರಿಸುವುದಿಲ್ಲ. ಒಳಗೆ ಒಂದು ಸಲ ನೋಡಬಹುದೇ?"

ಬೇಡ ಎಂದು ಹೇಳಲು ನನ್ನಲ್ಲಿ ಕಾರಣವಿರಲಿಲ್ಲ. ಮುನ್ನೂರು ಜನ ನೋಡುತ್ತಿದ್ದರು. ಅವರು ವೇದಿಕೆ ಹತ್ತಿ ಬಂದು, ಕ್ಯಾಬಿನೆಟ್ಟಿನ ಪಕ್ಕದ ಹಲಗೆ ಬಿಚ್ಚಿ, ಮೊಬೈಲಿನ ಟಾರ್ಚ್ ಹಾಕಿ ಬಗ್ಗಿ ನೋಡಿದರು. ಆಮೇಲೆ ನಮ್ಮ ಕಂಪ್ಯೂಟರನ್ನೂ ಬಿಚ್ಚಿ ನೋಡಿದರು. ಎದ್ದು ನಿಂತು ನನ್ನ ಕಡೆ ತಿರುಗಿದರು.

"ಇದರಲ್ಲಿ ರ‍್ಯಾಮ್ ಪಕ್ಕಪಕ್ಕ ಇದೆ. ಅದರಲ್ಲಿ ಸರಿಯಾಗಿದೆ. ಯಾರು ಜೋಡಿಸಿದ್ದು?"

ನನ್ನ ಕೈಯಲ್ಲಿ ಮೈಕು ಆನ್ ಆಗಿಯೇ ಇತ್ತು. ಅವರ ಪ್ರಶ್ನೆ ಇಡೀ ಸಭಾಂಗಣಕ್ಕೆ ಕೇಳಿಸಿತ್ತು. ಆ ಕ್ಷಣದಲ್ಲಿ ನನಗೆ ಏನೂ ತೋಚಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಹಾಗೇನಲ್ಲ. ಎರಡು ಉತ್ತರ ಸ್ಪಷ್ಟವಾಗಿ ತೋಚಿದವು. ನಾನು ಒಂದನ್ನು ಆರಿಸಿಕೊಂಡೆ.

"ನಮ್ಮ ಟೆಕ್ನಿಷಿಯನ್ ಜೋಡಿಸಿದ್ದು. ತಪ್ಪಾಗಿಬಿಟ್ಟಿದೆ ಅಂತ ಕಾಣುತ್ತೆ," ಎಂದು ತಮಿಳಿನಲ್ಲಿ ಹೇಳಿ, ಅಕ್ಕ ನಿಂತಿದ್ದ ಕಡೆ ಕೈ ತೋರಿಸಿದೆ.

ಎಲ್ಲರೂ ಅತ್ತ ನೋಡಿದರು. ಅಕ್ಕ ಕೈಯಲ್ಲಿದ್ದ ವೈರಿನ ಸುರುಳಿಯನ್ನು ಮೇಜಿನ ಮೇಲಿಟ್ಟಳು. ಆಕೆ ನನ್ನನ್ನು ನೋಡುತ್ತಾಳೆ ಎಂದುಕೊಂಡೆ. ನೋಡಲಿಲ್ಲ. ನೇರವಾಗಿ ಬಂದು, ಕರಡಿಗೆಯನ್ನು ಒಳಗೆ ಸೇರಿಸಿ, ಸೆರಗು ಸಿಕ್ಕಿಸಿ, ಕಂಪ್ಯೂಟರ್ ಆಫ್ ಮಾಡಿ, ರ‍್ಯಾಮ್ ಕಿತ್ತು ಸರಿಯಾದ ಸ್ಲಾಟಿಗೆ ಹಾಕಿದಳು. ಸೆಟ್ಟಿಂಗನ್ನೂ ಸರಿ ಮಾಡಿದಳು. ಯಾರೂ ಹೇಳಿರಲಿಲ್ಲ. ಆಮೇಲೆ ಜನರ ಕಡೆ ತಿರುಗಿ ಕೈಮುಗಿದಳು.

"ಮನ್ನಿಚ್ಚಿಡುಂಗ," ಎಂದಳು, ಕ್ಷಮಿಸಿಬಿಡಿ ಎಂದು. "ತಪ್ಪು ನಡಂದು ಪೋಚ್ಚು."

ತಪ್ಪು ನಡೆದುಹೋಯಿತು. ನಾನು ಮಾಡಿದೆ ಎನ್ನಲಿಲ್ಲ, ಇವಳು ಮಾಡಿದಳು ಎನ್ನಲೂ ಇಲ್ಲ.

ಮತ್ತೆ ಓಡಿಸಿದಾಗ ಎದುರಾಳಿಯ ಪ್ರೊಸೆಸರ್ ಲೀಲಾಜಾಲವಾಗಿ ಗೆದ್ದಿತು. ಹುಡುಗರು ಬೆಂಚು ಬಡಿದರು. ಬಹಳ ಜನ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡಿದ್ದರು. ಅಂದು ಸಂಜೆಯೊಳಗೆ ಅದು ಎಲ್ಲ ಕಡೆ ಹರಿದಾಡಿತು. ನಾನು ಕೈ ತೋರಿಸುವುದರಿಂದ ಅದು ಶುರುವಾಗುತ್ತಿತ್ತು, ಹಸಿರು ಸೀರೆಯ ಹೆಂಗಸು ಕೈಮುಗಿಯುವುದರೊಂದಿಗೆ ಮುಗಿಯುತ್ತಿತ್ತು. ರ‍್ಯಾಮ್ ಹಾಕಲು ಬಾರದ ಆಂಟಿ ಎಂದು ಅದಕ್ಕೊಂದು ಶೀರ್ಷಿಕೆಯನ್ನೂ ಯಾರೋ ಕೊಟ್ಟಿದ್ದರು.

ಮಾರನೇ ದಿನ ಮ್ಯಾನೇಜರ್ ನನ್ನನ್ನು ಕರೆದು, ಏನಾಯಿತೆಂದು ಒಂದು ಪುಟ ಬರೆದುಕೊಡಿ, ಮೇಲಿನವರಿಗೆ ಕಳಿಸಬೇಕು ಎಂದರು. ಅವರು ನನ್ನನ್ನೇ ದಿಟ್ಟಿಸುತ್ತಿದ್ದರು. ಸತ್ಯ ಅವರಿಗೆ ಗೊತ್ತಿತ್ತೋ ಇಲ್ಲವೋ ಈಗಲೂ ನನಗೆ ತಿಳಿಯದು. ನಾನು ಬರೆದುಕೊಟ್ಟೆ. ಟೆಕ್ನಿಷಿಯನ್ನಿನ ಗಮನಕ್ಕೆ ಬಾರದೆ ಆದ ಲೋಪ ಎಂದು ಬರೆದೆ. ಇಂಗ್ಲಿಷಿನಲ್ಲಿ ಬರೆಯುವುದು ಸುಲಭವಾಯಿತು. ಅಕ್ಕ ಎಂಬ ಪದ ಅದರಲ್ಲಿ ಬರಬೇಕಾಗಿರಲಿಲ್ಲ.

ವಾರದ ಕೊನೆಗೆ ಅಕ್ಕನಿಗೆ ಬರಬೇಡಿ ಎಂದರು. ಆಕೆ ತನ್ನ ಸ್ಕ್ರೂಡ್ರೈವರುಗಳನ್ನೂ ಊಟದ ಡಬ್ಬಿಯನ್ನೂ ಬಟ್ಟೆಯ ಚೀಲಕ್ಕೆ ಹಾಕಿಕೊಂಡು, ಎಲ್ಲರಿಗೂ ಬರುತ್ತೇನೆ ಎಂದು ಹೇಳಿ ಹೋದಳು. ನಾನು ಅಷ್ಟು ಹೊತ್ತೂ ಟಾಯ್ಲೆಟ್ಟಿನಲ್ಲಿ ನಿಂತಿದ್ದೆ. ಮೆಟ್ಟಿಲ ಮೇಲೆ ಆಕೆಯ ಚಪ್ಪಲಿಯ ಸದ್ದು ಇಳಿದುಹೋಗುವುದನ್ನು ಕೇಳಿಸಿಕೊಂಡು ಆಮೇಲೆ ಹೊರಗೆ ಬಂದೆ.

ರಿಚಿ ಸ್ಟ್ರೀಟಿನಲ್ಲಿ ಆಕೆಗೆ ಕೆಲಸ ಸಿಗುವುದು ಕಷ್ಟವಾಗಲಿಕ್ಕಿಲ್ಲ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಅಲ್ಲಿ ಎಲ್ಲರಿಗೂ ಆಕೆಯ ಕೈಗುಣ ಗೊತ್ತಿತ್ತಲ್ಲ. ಎರಡು ತಿಂಗಳ ಮೇಲೆ ಒಬ್ಬ ಅಂಗಡಿಯವನ ಹತ್ತಿರ ವಿಚಾರಿಸಿದೆ. ಆತ ಕೌಂಟರಿಗೆ ಬಗ್ಗಿ ದನಿ ತಗ್ಗಿಸಿದ.

"ಬಂದಿದ್ದರು ಮೇಡಂ. ಎಲ್ಲ ಅಂಗಡಿಗೂ ಹೋದರು. ನನಗೆ ಅವರ ಕೆಲಸ ಗೊತ್ತು. ಆದರೆ ಗಿರಾಕಿಗಳೂ ಆ ವಿಡಿಯೊ ನೋಡಿದ್ದಾರಲ್ಲ? ಅವರನ್ನು ಕೂರಿಸಿಕೊಂಡರೆ ಬಂದವರು ಮೊಬೈಲ್ ತೆಗೆದು ತೋರಿಸಿ ನಗುತ್ತಾರೆ. ಒಬ್ಬ ಹುಡುಗ ನಮ್ಮಂಗಡಿಯಲ್ಲೇ, ಅವರ ಮುಂದೆಯೇ, ನನ್ನ ಪೀಸಿಗೆ ಈ ಆಂಟಿ ಕೈ ಹಾಕುವುದು ಬೇಡ ಎಂದ."

ಆ ಭಾನುವಾರ ತಿರುವೊಟ್ಟಿಯೂರಿಗೆ ಹೋದೆ. ದೇವಸ್ಥಾನದ ಹಿಂದಿನ ಓಣಿ; ಎರಡು ಕೋಣೆಯ ಮನೆ. ಮೊದಲು ಎರಡು ಬಾರಿ ಬಂದಿದ್ದೆ, ಒಮ್ಮೆ ಬಸವ ಜಯಂತಿಯ ಊಟಕ್ಕೆ, ಒಮ್ಮೆ ಆಕೆಯ ಮಗನ ಮದುವೆಗೆ. ಅಕ್ಕ ಬಾಗಿಲು ತೆಗೆದಳು. ಕೂತ್ಕೋ ಎಂದು ಕುರ್ಚಿ ತೋರಿಸಿದಳು. ಒಳಗೆ ಹೋಗಿ ನೀರು ತಂದಳು. ಬಂದವರಿಗೆ ನೀರು ಕೊಡದೆ ಇರುವುದು ಆಕೆಗೆ ಗೊತ್ತಿರಲಿಲ್ಲ.

ನಾನು ಲೋಟವನ್ನು ಕುಡಿಯದೆ ಕೆಳಗಿಟ್ಟೆ.

"ಅಕ್ಕ, ನಾನು ಬೇಕಂತ ಮಾಡ್ಲಿಲ್ಲ. ಅಷ್ಟು ಜನದ ಮುಂದೆ... ಬಾಯಿಗೆ ಹಾಗೆ ಬಂದ್ಬಿಡ್ತು," ಎಂದೆ.

"ಸರಿ, ಆವತ್ತು ಬಾಯಿಗೆ ಬಂತು," ಎಂದಳು ಅಕ್ಕ. "ಅಪ್ಪುರಂ, ಆಮೇಲೆ, ಮರುದಿನ ಆಫೀಸಲ್ಲಿ ಕೂತು ಬರೆದ್ಯಲ್ಲ, ಅದು ಕೈಗೆ ಬಂತಾ?"

ನಾನು ಬರೆದುಕೊಟ್ಟಿದ್ದು ಆಕೆಗೆ ಗೊತ್ತಿದೆ ಎಂದು ನನಗೆ ತಿಳಿದಿರಲಿಲ್ಲ.

"ಸಾರ್ ತೋರಿಸಿದ್ರು. ನಿಮ್ಮ ಮೇಡಮ್ಮೇ ಬರೆದಿದಾರೆ ನೋಡಿ ಅಂದ್ರು. ನಾನು ಓದ್ದೆ. ಹತ್ತು ಸಾಲು ಐತಿ. ಚೆನ್ನಾಗಿ ಬರೆದಿದೀಯ."

"ನೀವು ಯಾಕಕ್ಕ ಸತ್ಯ ಹೇಳ್ಲಿಲ್ಲ? ಅಲ್ಲೇ ಹೇಳ್ಬೋದಿತ್ತಲ್ಲ?"

ಕೇಳಿದ ಮೇಲೆ ನನಗೇ ನಾಚಿಕೆಯಾಯಿತು. ನನ್ನ ತಪ್ಪಿನಲ್ಲಿ ಆಕೆಗೂ ಸ್ವಲ್ಪ ಪಾಲು ಕೊಡಲು ನೋಡಿದ್ದೆ. ಅಕ್ಕನಿಗೆ ಮೊದಲ ಬಾರಿಗೆ ಸಿಟ್ಟು ಬಂತು.

"ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೆ. ಹೇಳ್ತೀಯೇನೋ ನೀನೇ ಅಂತ ನೋಡ್ದೆ. ನಿನ್ನ ಕೆಲಸ ಹೋಗಿದ್ರೆ ಇನ್ನೊಂದು ಸಿಕ್ತಿತ್ತು. ಓದಿದೀಯ, ಇಂಗ್ಲಿಷು ಐತಿ, ಗಂಡ ಇದಾನೆ. ನನ್ನ ಹತ್ರ ಇದ್ದದ್ದು ಇದೊಂದೇ ತಂಗಿ. ಆ ಹೆಂಗಸು ಹಾಕಿದ್ರೆ ಸರಿಯಾಗೇ ಇರ್ತತಿ ಅನ್ನೋ ಒಂದು ಮಾತು. ಅದನ್ನೇ ತಗೊಂಡ್ಯಲ್ಲ."

ಒಳಗಿನಿಂದ ಸೊಸೆ ಇಣುಕಿ ನೋಡಿ ಮತ್ತೆ ಹೋದಳು. ಅಕ್ಕ ದನಿ ಇಳಿಸಿದಳು.

"ನನಗೆ ನಿನ್ನ ಕ್ಷಮೆ ಬೇಡ. ಒಂದು ಕಾಗದ ಬರೆದುಕೊಡು. ತಮಿಳಲ್ಲೋ ಇಂಗ್ಲಿಷಲ್ಲೋ. ಆ ರ‍್ಯಾಮ್ ಹಾಕಿದ್ದು ನಾನು, ಈಕೆ ಅಲ್ಲ ಅಂತ. ಕೆಳಗೆ ಸೈನ್ ಹಾಕು. ಅಂಗಡಿಯವರಿಗೆ ತೋರಿಸ್ತೀನಿ. ಅಷ್ಟೇ ಸಾಕು."

"ಬರ್ಕೊಡ್ತೀನಿ ಅಕ್ಕ. ಈ ವಾರವೇ," ಎಂದೆ. ಹೇಳುವಾಗ ನಿಜವಾಗಿಯೂ ಬರೆದುಕೊಡುತ್ತೇನೆ ಎಂದೇ ಅಂದುಕೊಂಡಿದ್ದೆ.

ಬರೆದೆ ಕೂಡ. ಆ ಕಾಗದ ಮೂರು ದಿನ ನನ್ನ ಬ್ಯಾಗಿನಲ್ಲಿತ್ತು. ನಾಲ್ಕನೇ ದಿನ ಎದುರಾಳಿ ಕಂಪನಿಯ ಪ್ರಚಾರ ನೋಡಿಕೊಳ್ಳುವ ಏಜೆನ್ಸಿಯಿಂದ ಫೋನ್ ಬಂತು. ದಕ್ಷಿಣದ ನಾಲ್ಕು ರಾಜ್ಯದ ಹೊಣೆ ವಹಿಸಿಕೊಳ್ಳುತ್ತೀರಾ ಎಂದು ಕೇಳಿದರು. ನಿಮ್ಮ ಕಾರ್ಯಕ್ರಮ ನೋಡಿದ್ದೇವೆ, ನೀವು ಮಾತಾಡುವ ರೀತಿ ನಮಗೆ ಬೇಕು ಎಂದರು. ಆ ಕಾಗದಕ್ಕೆ ಸಹಿ ಹಾಕಿ ರಿಚಿ ಸ್ಟ್ರೀಟಿನ ಅಂಗಡಿ ಅಂಗಡಿಗೆ ಓಡಾಡಲು ಬಿಟ್ಟರೆ ಆ ಕೆಲಸ ಸಿಗುವುದಿಲ್ಲ ಎಂದು ತಿಳಿಯಲು ಬಹಳ ಬುದ್ಧಿ ಬೇಕಾಗಿರಲಿಲ್ಲ. ಸೇರಿ ನೆಲೆ ನಿಂತ ಮೇಲೆ ಕೊಟ್ಟರಾಯಿತು ಎಂದುಕೊಂಡೆ. ಸೇರಿದ ಮೇಲೆ ಇನ್ನು ಆರು ತಿಂಗಳು ಹೋಗಲಿ ಎಂದುಕೊಂಡೆ. ಅಕ್ಕ ಒಮ್ಮೆ ಫೋನ್ ಮಾಡಿದಳು. ಮೀಟಿಂಗಿನಲ್ಲಿದ್ದೇನೆ ಎಂದೆ. ಮತ್ತೆ ಮಾಡಲಿಲ್ಲ. ಕಾಗದವನ್ನು ಹರಿದು ಹಾಕಿದೆ.

ಹೊಸ ಏಜೆನ್ಸಿಯಲ್ಲಿ ಎರಡು ವರ್ಷ ಸುಖವಾಗಿತ್ತು. ಈ ಬಾರಿ ನಿಜವಾಗಿಯೂ ವೇಗವಾಗಿದ್ದ ಪ್ರೊಸೆಸರ್ ನನ್ನ ಕಡೆಯಿತ್ತು. ಯಾವ ಕಳ್ಳತನವೂ ಬೇಕಿರಲಿಲ್ಲ. ಹಿಂದೆ ನಾನು ಅಣಕಿಸಿದ್ದನ್ನೇ ಈಗ ಹೊಗಳುತ್ತಿದ್ದೆ. ನನ್ನ ಹಳೆಯ ಮಾತುಗಳನ್ನು ಯಾರೂ ಎತ್ತಿ ಆಡಲಿಲ್ಲ, ಯಾಕೆಂದರೆ ಕೇಳುಗರು ಪ್ರತಿ ವರ್ಷ ಹೊಸಬರು. ಆಮೇಲೆ ನನ್ನ ಹಳೆಯ ಕಡೆಯವರು ಹೊಸ ಪೀಳಿಗೆಯ ಪ್ರೊಸೆಸರ್ ತಂದರು. ಆಫೀಸಿನ ಮೇಜಿನ ಮೇಲೆ ಎರಡನ್ನೂ ಓಡಿಸಿದಾಗ ನಮ್ಮದು ಸೋತಿತು. ಹೊಸ ಮ್ಯಾನೇಜರ್, ಚುರುಕಾದ ಹೆಂಗಸು, ನನ್ನ ಕಡೆ ತಿರುಗಿ ಕೇಳಿದಳು:

"ನಿಮಗೆ ಇದರಲ್ಲಿ ಅನುಭವ ಇದೆಯಲ್ಲ. ಏನು ಮಾಡಬಹುದು?"

ಆಕೆಗೆ ಗೊತ್ತಿತ್ತು. ಅವರೆಲ್ಲರಿಗೂ ಮೊದಲಿನಿಂದ ಗೊತ್ತಿತ್ತು. ನನ್ನನ್ನು ಕರೆದದ್ದು ನನ್ನ ಮಾತಿಗಲ್ಲ ಎಂದು ಆಗ ಅರ್ಥವಾಯಿತು.

ಇಲ್ಲಿ ನಾನು ರಾಜೀನಾಮೆ ಎಸೆದು ಹೊರಬಂದೆ ಎಂದು ಬರೆಯಲು ಆಸೆಯಾಗುತ್ತದೆ. ಬಿಡಲಿಲ್ಲ. ಈ ಸಲ ರ‍್ಯಾಮಿಗೆ ಕೈ ಹಾಕಲಿಲ್ಲ, ಅಷ್ಟೆ. ಎದುರಾಳಿಯ ಪ್ರೊಸೆಸರ್ ಬಿಸಿಯಾಗುತ್ತದೆ ಎಂದು ಪ್ರಚಾರವಿತ್ತು. ಬಿಸಿಯೇರಿ ನಿಧಾನವಾಗಲೆಂದು ಅದಕ್ಕೆ ಚಿಕ್ಕ ಫ್ಯಾನ್ ಹಾಕಿಸಿದೆ. ಪ್ರೊಸೆಸರಿನ ಪೆಟ್ಟಿಗೆಯಲ್ಲೇ ಬಂದ ಫ್ಯಾನು ಅದು, ಕೇಳಿದರೆ ಹೇಳಲು ಉತ್ತರವಿತ್ತು. ಯಾರೂ ಕೇಳಲಿಲ್ಲ. ಹಾಗೆ ಇನ್ನೊಂದು ವರ್ಷ ನಡೆಯಿತು. ಆಮೇಲೆ ಜನ ಕಾರ್ಯಕ್ರಮಗಳಿಗೆ ಬರುವುದನ್ನೇ ಬಿಟ್ಟರು. ಎಲ್ಲವನ್ನೂ ಮನೆಯಲ್ಲಿ ಕೂತು ಯಾರದೋ ವಿಡಿಯೊದಲ್ಲಿ ನೋಡಿ ತೀರ್ಮಾನಿಸತೊಡಗಿದರು. ಮೇಜು, ಮೈಕು, ವ್ಯಾನು ಯಾವುದೂ ಬೇಡವಾಯಿತು. ಏಜೆನ್ಸಿಯವರು ನನಗೊಂದು ಶಾಲು ಹೊದಿಸಿ ಕಳಿಸಿದರು. ಈಗ ಕೀಲ್ಪಾಕ್‌ನಲ್ಲಿ ಒಂದು ಚಿಕ್ಕ ಸಂಸ್ಥೆಯಲ್ಲಿ ವೈದ್ಯಕೀಯ ಉಪಕರಣಗಳ ಕೈಪಿಡಿ ಬರೆಯುತ್ತೇನೆ. ಅಲ್ಲಿ ಚಪ್ಪಾಳೆಯಿಲ್ಲ.

ಅಕ್ಕನ ವಿಷಯ ನನಗೆ ಗೊತ್ತಾದದ್ದು ಆ ಅಂಗಡಿಯವನಿಂದಲೇ. ಕಾಲೇಜಿನ ಆ ಲ್ಯಾಬಿನವರು ಅಕ್ಕನನ್ನು ಹುಡುಕಿಕೊಂಡು ರಿಚಿ ಸ್ಟ್ರೀಟಿಗೆ ಬಂದಿದ್ದರಂತೆ. "ಆವತ್ತು ಆಕೆ ಕತ್ತಲೆಯಲ್ಲಿದ್ದ ಆ ಮೂಲೆಯ ಸ್ಲಾಟಿಗೆ ಟಾರ್ಚ್ ಇಲ್ಲದೆ ಒಂದೇ ಸಲಕ್ಕೆ ರ‍್ಯಾಮ್ ಹಾಕಿದಳು. ಕೇಳದೆಯೇ ಸೆಟ್ಟಿಂಗೂ ಸರಿ ಮಾಡಿದಳು. ಅಂಥ ಕೈ ಹಾಗೆ ತಪ್ಪು ಮಾಡುವುದಿಲ್ಲ. ಯಾರು ಮಾಡಿದ್ದೆಂದು ನನಗೆ ಅಲ್ಲೇ ಗೊತ್ತಾಯಿತು," ಎಂದರಂತೆ. ಆಕೆಯನ್ನು ತಮ್ಮ ಲ್ಯಾಬಿಗೆ ಸೇರಿಸಿಕೊಂಡರು. ನಿವೃತ್ತರಾಗುವಾಗ ಕೀಲಿಕೈ ಆಕೆಯ ಕೈಗೇ ಕೊಟ್ಟು ಹೋದರು. ಇದನ್ನು ಕೇಳಿ ನನಗೆ ಸಂತೋಷವಾಗಬೇಕಿತ್ತು. ಆ ದಿನ ವೇದಿಕೆಯ ಮೇಲೆ ಅವರು ನನ್ನ ಎದುರಿಗೇ ನಿಂತು ಎಲ್ಲವನ್ನೂ ತಿಳಿದಿದ್ದರು, ತಿಳಿದೂ ಸುಮ್ಮನಿದ್ದರು ಎಂಬುದೇ ಹೆಚ್ಚು ಚುಚ್ಚಿತು.

ಕಳೆದ ವರ್ಷ ಮಗಳಿಗೆ ಕಂಪ್ಯೂಟರ್ ಜೋಡಿಸಿಕೊಡಲು ರಿಚಿ ಸ್ಟ್ರೀಟಿಗೆ ಹೋಗಿದ್ದೆ. ಯಾವ ಪ್ರೊಸೆಸರ್ ಒಳ್ಳೆಯದಮ್ಮ ಎಂದು ಅವಳು ತಮಿಳಿನಲ್ಲಿ ಕೇಳುತ್ತಲೇ ಇದ್ದಳು. ಎರಡೂ ಒಂದೇ ಎಂದೆ. ನಿಜವೂ ಹೌದು, ಈಗ ಅವಳ ಓದಿನ ಕೆಲಸಕ್ಕೆ ಎರಡರ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸವಿಲ್ಲ. ಅಂಗಡಿಯ ಒಳಗೆ ಕಾಲಿಟ್ಟಾಗ ಕೌಂಟರಿನಲ್ಲಿ ಅಕ್ಕ ನಿಂತಿದ್ದಳು. ಕಾಲೇಜಿನ ಗುರುತಿನ ಚೀಟಿ ಕೊರಳಲ್ಲಿ ಹಾಕಿಕೊಂಡು, ಲ್ಯಾಬಿಗೆಂದು ಕೊಂಡ ಕೀಬೋರ್ಡುಗಳನ್ನು ಒಂದೊಂದಾಗಿ ಪೆಟ್ಟಿಗೆ ತೆರೆದು ನೋಡುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಅಕ್ಕ, ಚೆನ್ನಾಗಿದೀರಾ?" ಎಂದೆ.

ತಲೆಯೆತ್ತಿ ನೋಡಿದಳು. ಗುರುತು ಹಿಡಿದಳು. ಆಮೇಲೆ, ಅಂಗಡಿಗೆ ಬಂದ ಯಾರೊಡನೆಯಾದರೂ ಮಾತಾಡುವಂತೆ, ತಮಿಳಿನಲ್ಲಿ ಉತ್ತರಿಸಿದಳು.

"ನಲ್ಲಾ ಇರುಕ್ಕೇನ್ ಮೇಡಂ."

ನನ್ನ ಮಗಳ ಕಡೆ ನೋಡಿ ಒಂದು ಕ್ಷಣ ನಕ್ಕಳು. ಕೊನೆಯ ಪೆಟ್ಟಿಗೆಯನ್ನು ಮುಚ್ಚಿ, ಕೂಲಿಯವನಿಗೆ ಎತ್ತಿಕೊಳ್ಳಲು ಹೇಳಿ, ಅವನ ಹಿಂದೆ ಬೀದಿಗೆ ಇಳಿದಳು.

"ಯಾರಮ್ಮ ಅದು?" ಎಂದು ಮಗಳು ಕೇಳಿದಳು.

"ಹಿಂದೆ ನಮ್ಮ ಆಫೀಸಲ್ಲಿದ್ರು," ಎಂದೆ. ಅಂಗಡಿಯವನು ಏನು ಬೇಕು ಎಂದು ಕೇಳಿದ. ಪಟ್ಟಿ ತೆಗೆದು ಕೊಟ್ಟೆ.